ಸಿಸ್ಟರ್‌ಗೊಂದು ಪತ್ರ: ಆಸ್ಪತ್ರೆಯಲ್ಲಿರುವ ಮಗುವಿಗೆ ಏನಂತ ಹೇಳೋದು?

ಮಕ್ಕಳ ಕ್ಯಾನ್ಸರ್ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬೆಂಗಳೂರಿನಲ್ಲಿ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಹಲವು ವರ್ಷ ನರ್ಸ್ ಆಗಿದ್ದವಳು ನಾನು. ಔಷಧಿ, ಡೋಸು, ರಿಪೋರ್ಟಿನ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ. ಮಗುವಿನ ಪಕ್ಕ ಕೂತವರು ಏನು ಮಾಡಬಹುದು ಅನ್ನುವುದನ್ನು ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಬರೆದವರ ಹೆಸರು ಯಾವುದೂ ಹಾಕಿಲ್ಲ.

ಪ್ರಶ್ನೆ: ನಮ್ಮದು ಹಾವೇರಿ ಕಡೆಯ ಹಳ್ಳಿ. ಆರು ವರ್ಷದ ಮಗನಿಗೆ ಬ್ಲಡ್ ಕ್ಯಾನ್ಸರ್, ಎ.ಎಲ್.ಎಲ್. ಅಂತ ಬರೆದಿದ್ದಾರೆ. ಬೆಂಗಳೂರಿಗೆ ಬಂದು ಒಂದು ತಿಂಗಳಾಯಿತು. ಬರೀ ಜ್ವರ, ವಾಸಿಯಾದ ಕೂಡಲೇ ಊರಿಗೆ ಹೋಗೋಣ ಅಂತ ಅವನಿಗೆ ಹೇಳಿದ್ದೇವೆ. ಇಂಜೆಕ್ಷನ್ ದಿನ "ಸುಮ್ನೆ ಡಾಕ್ಟರ್ ನೋಡ್ತಾರೆ ಬಾ" ಅಂತ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಮೂರು ನಾಲ್ಕು ಜನ ಒತ್ತಿ ಹಿಡಿಯುತ್ತಾರೆ. ಈಗ ಅವನು ನನ್ನ ಜೊತೆ ಮಾತೇ ಆಡುವುದಿಲ್ಲ. ಅವರಪ್ಪ ಬಂದರೆ ಮಾತ್ರ ಊಟ ಮಾಡುತ್ತಾನೆ. ಮಗುವಿನ ಮುಂದೆ ಆ ಕಾಯಿಲೆ ಹೆಸರು ಎತ್ತಲೇಬೇಡಿ ಅಂತ ಅತ್ತೆ ಹೇಳಿದ್ದಾರೆ. ಏನು ಮಾಡಲಿ ಸಿಸ್ಟರ್?

ತಾಯಿ, ಮೊದಲು ನಿಜ ಹೇಳಿ. ಇವತ್ತೇ ಹೇಳಿ. ಅವನಿಗೆ ಏನೂ ಗೊತ್ತಿಲ್ಲ ಅಂತ ನೀವು ಅಂದುಕೊಂಡಿದ್ದೀರಿ, ಆದರೆ ಅವನು ದಿನವಿಡೀ ನೋಡುತ್ತಿದ್ದಾನೆ. ಪಕ್ಕದ ಬೆಡ್ಡಿನ ಹುಡುಗನಿಗೆ ಕೂದಲಿಲ್ಲ. ಅಮ್ಮ ಬಾತ್‌ರೂಮಿಗೆ ಹೋಗಿ ಕಣ್ಣು ಕೆಂಪು ಮಾಡಿಕೊಂಡು ಬರುತ್ತಾಳೆ. ಅಪ್ಪ ಫೋನಿನಲ್ಲಿ ದನಿ ತಗ್ಗಿಸುತ್ತಾನೆ. ಬರೀ ಜ್ವರಕ್ಕೆ ಇಷ್ಟೆಲ್ಲ ಆಗಲ್ಲ ಅನ್ನುವುದು ಆರು ವರ್ಷದ ತಲೆಗೆ ಚೆನ್ನಾಗಿಯೇ ಹೊಳೆಯುತ್ತದೆ. ನಾವು ಹೇಳದೆ ಬಿಟ್ಟರೆ ಮಕ್ಕಳು ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ. ತಂಗಿಗೆ ಹೊಡೆದಿದ್ದಕ್ಕೆ ಹೀಗಾಯ್ತು, ಅಮ್ಮನ ಮಾತು ಕೇಳದೆ ಕೆರೆಗೆ ಇಳಿದಿದ್ದಕ್ಕೆ ದೇವರು ಸೂಜಿ ಚುಚ್ಚಿಸ್ತಾನೆ. ಇಂಥ ಮಾತುಗಳನ್ನು ಮಕ್ಕಳ ಬಾಯಿಂದಲೇ ಕೇಳಿದ್ದೇನೆ. ಕಾಯಿಲೆಗಿಂತ ಆ ಯೋಚನೆ ಅವರನ್ನು ಜಾಸ್ತಿ ಹಿಂಡುತ್ತದೆ.

ಹೊಲದ ಮನೆಯ ಹುಡುಗನಿಗೆ ಹೇಳುವುದು ಕಷ್ಟವೇನಲ್ಲ. "ನಿನ್ನ ರಕ್ತ ಮೂಳೆ ಒಳಗೆ ತಯಾರಾಗುತ್ತೆ. ಅಲ್ಲಿ ಹೊಲದಲ್ಲಿ ಕಳೆ ಬೆಳೆದ ಹಾಗೆ ಕೆಟ್ಟ ಕಣ ಬೆಳೆದುಬಿಟ್ಟಿವೆ. ಒಳ್ಳೆ ಕಣಕ್ಕೆ ಜಾಗ ಸಾಲ್ತಿಲ್ಲ, ಅದಕ್ಕೇ ನಿಂಗೆ ಸುಸ್ತು, ಜ್ವರ. ಈ ಔಷಧಿ ಕಳೆ ಸಾಯಿಸುತ್ತೆ. ಆವಾಗ ಬೆಳೆಗೂ ಸ್ವಲ್ಪ ಏಟು ಬೀಳುತ್ತೆ, ಅದಕ್ಕೇ ಕೂದಲು ಉದುರೋದು, ಬಾಯಿ ಹುಣ್ಣಾಗೋದು. ಆಮೇಲೆ ಕೂದಲು ಮತ್ತೆ ಬರುತ್ತೆ. ಇದರ ಹೆಸರು ಕ್ಯಾನ್ಸರ್. ಇದು ನಿನ್ನ ತಪ್ಪಿನಿಂದ ಬಂದಿದ್ದಲ್ಲ, ಅಮ್ಮನ ತಪ್ಪಿನಿಂದಲೂ ಅಲ್ಲ." ಇಷ್ಟು ಸಾಕು. ಕಾಯಿಲೆಯ ಹೆಸರನ್ನು ಅವನು ನಿಮ್ಮ ಬಾಯಿಂದಲೇ ಕೇಳಲಿ. ವಾರ್ಡಿನಲ್ಲಿ ಎರಡು ಬೆಡ್ ಆಚೆಯವರು ಹೇಗೂ ಒಂದು ದಿನ ಹೇಳಿಯೇ ಹೇಳುತ್ತಾರೆ. ಅತ್ತೆಯವರಿಗೂ ಇದನ್ನೇ ತಿಳಿಸಿ. ಅವರ ಕಾಲದಲ್ಲಿ ಈ ಹೆಸರು ಕೇಳಿದರೆ ಎಲ್ಲ ಮುಗಿಯಿತು ಅಂತಲೇ ಅರ್ಥ. ಈಗ ಎ.ಎಲ್.ಎಲ್.ಗೆ ಪೂರ್ತಿ ಚಿಕಿತ್ಸೆ ಪಡೆದ ಮಕ್ಕಳಲ್ಲಿ ವಾಸಿಯಾಗುವವರೇ ಹೆಚ್ಚು. ಆದರೆ ಚಿಕಿತ್ಸೆ ಎರಡರಿಂದ ಮೂರು ವರ್ಷದ್ದು. ಮೊದಲ ಕೆಲವು ತಿಂಗಳು ಗಟ್ಟಿ ಔಷಧಿ, ಆಮೇಲೆ ಹೆಚ್ಚಾಗಿ ಮನೆಯಲ್ಲೇ ಮಾತ್ರೆ. ಅಷ್ಟು ಕಾಲ ಸುಳ್ಳು ನಡೆಸಿಕೊಂಡು ಹೋಗಲು ಯಾವ ತಾಯಿಗೂ ಆಗುವುದಿಲ್ಲ.

ಈಗ ಇಂಜೆಕ್ಷನ್ ವಿಷಯ. "ಸುಮ್ನೆ ನೋಡ್ತಾರೆ" ಅಂತ ಹೇಳಿ ಕರೆದುಕೊಂಡು ಹೋದಾಗಲೆಲ್ಲ, ಇನ್ನು ಮುಂದೆ ಅಮ್ಮ ಕರೆದರೆ ಹೆದರಬೇಕು ಅಂತ ಅವನು ಕಲಿಯುತ್ತಾನೆ. ಅವನು ಮಾತು ಬಿಟ್ಟಿರುವುದು ಅದಕ್ಕೇ. ಇನ್ನು ಮೇಲೆ ಮೊದಲೇ ಹೇಳಿ: "ಇವತ್ತು ಸೂಜಿ ಇದೆ. ಚುರ್ ಅನ್ನುತ್ತೆ. ಅಳಬಹುದು. ಕೈ ಮಾತ್ರ ಅಲ್ಲಾಡಿಸಬಾರದು." ತುಂಬಾ ಮೊದಲೇ ಹೇಳಿದರೆ ಸಣ್ಣ ಮಕ್ಕಳು ರಾತ್ರಿಯೆಲ್ಲ ಕೊರಗುತ್ತಾರೆ. ಆರು ವರ್ಷಕ್ಕೆ ಅವತ್ತು ಬೆಳಗ್ಗೆ ಹೇಳಿದರೆ ಸಾಕು. ಇಂಜೆಕ್ಷನ್ ಇಲ್ಲದ ದಿನ "ಇವತ್ತು ಸೂಜಿ ಇಲ್ಲ" ಅಂತಲೂ ಹೇಳಿ. ಆಗ ಆ ದಿನ ಅವನು ನಿಶ್ಚಿಂತೆಯಿಂದ ಆಡಿಕೊಂಡಿರುತ್ತಾನೆ.

ಮಲಗಿಸಿ ಒತ್ತಿ ಹಿಡಿಯುವುದನ್ನು ತಪ್ಪಿಸಲು ನೀವೇ ಸಿಸ್ಟರನ್ನು ಕೇಳಬಹುದು. ನಿಮ್ಮ ತೊಡೆ ಮೇಲೆ, ನಿಮ್ಮ ಕಡೆ ಮುಖ ಮಾಡಿ ಅವನು ಕೂರಲಿ. ನಿಮ್ಮ ಒಂದು ಕೈ ಅವನ ಬೆನ್ನು ಬಳಸಿರಲಿ. ಸೂಜಿ ಹಾಕುವ ಕೈ ನಿಮ್ಮ ಕಂಕುಳ ಕೆಳಗಿಂದ ಹಿಂದಕ್ಕೆ ಬರಲಿ. ಸಿಸ್ಟರ್ ನಿಮ್ಮ ಹಿಂದೆ ಕೂತು ಕೆಲಸ ಮುಗಿಸುತ್ತಾರೆ. ಮಲಗಿಸಿದ ಮಗುವಿಗೆ ಮೇಲೆ ಬಗ್ಗಿದ ಮುಖಗಳಷ್ಟೇ ಕಾಣುತ್ತವೆ. ತೊಡೆ ಮೇಲೆ ಕೂತ ಮಗುವಿಗೆ ಅಮ್ಮ ಸಿಗುತ್ತಾಳೆ. ಸೋಪು ನೀರಿನ ಗುಳ್ಳೆ ಊದುವ ಡಬ್ಬಿ ಒಂದು ಇಟ್ಟುಕೊಳ್ಳಿ. ಗುಳ್ಳೆ ಊದಬೇಕಾದರೆ ಉಸಿರು ನಿಧಾನಕ್ಕೆ ಬಿಡಲೇಬೇಕು, ಆಗ ಬಿಗಿ ಹಿಡಿದ ಮೈ ಸಡಿಲವಾಗುತ್ತದೆ. ಚರ್ಮ ಮರಗಟ್ಟಿಸುವ ಕ್ರೀಮ್ ಸಿಗುತ್ತದೆ. ಸೂಜಿಗೆ ಒಂದು ಗಂಟೆ ಮೊದಲು ಹಚ್ಚಿ ಮೇಲೆ ಪ್ಲಾಸ್ಟಿಕ್ ಮುಚ್ಚಬೇಕು. ಹಾಕಬಹುದಾ ಅಂತ ಡಾಕ್ಟರನ್ನು ಕೇಳಿ. ಬೆನ್ನಿಗೆ ಹಾಕುವ ಇಂಜೆಕ್ಷನ್‌ಗೆ ಮಂಪರು ಬರಿಸುವ ಅನುಕೂಲ ಇದೆಯಾ ಅಂತಲೂ ಕೇಳಿ. ಕೇಳಲು ಸಂಕೋಚ ಬೇಡ.

ಆಯ್ಕೆ ಅವನಿಗೆ ಕೊಡಿ. ಸೂಜಿ ಬೇಕಾ ಬೇಡವಾ ಅಂತ ಕೇಳಬೇಡಿ, ಅದು ಅವನ ಕೈಯಲ್ಲಿಲ್ಲ. ಯಾವ ಬೆರಳು? ಎಣಿಸೋದು ನೀನಾ, ಸಿಸ್ಟರ್ರಾ? ಟೇಪು ಯಾರು ಕೀಳ್ತಾರೆ? ಗದಗದ ಕಡೆಯ ಒಬ್ಬ ಹುಡುಗ ಮೊದಮೊದಲು ಟ್ರೀಟ್‌ಮೆಂಟ್ ರೂಮಿನ ಬಾಗಿಲು ಕಂಡರೇ ಕಿರುಚುತ್ತಿದ್ದ. ಅವನ ಕೈಗೆ ಒಂದು ಬಟ್ಟೆ ಗೊಂಬೆ, ಸೂಜಿ ಇಲ್ಲದ ಸಿರಿಂಜು, ಹತ್ತಿ, ಟೇಪು ಕೊಟ್ಟೆವು. ಮೊದಲು ತೋಳಿಗೆ ರಬ್ಬರ್ ಪಟ್ಟಿ, ಆಮೇಲೆ ನರ ಹುಡುಕಲು ಎರಡು ಬೆರಳಿನ ತಟ್ಟು, ಆಮೇಲೆ ಸ್ಪಿರಿಟ್ ಹತ್ತಿ. ನಾವು ಮಾಡುವ ಒಂದೊಂದು ಕೆಲಸವೂ ಅವನಿಗೆ ಬಾಯಿಪಾಠ ಆಗಿತ್ತು. ಗೊಂಬೆಗೆ "ಅಲ್ಲಾಡಬ್ಯಾಡ, ಮುಗೀತು ಮುಗೀತು" ಅಂತ ಗದರಿಸುತ್ತಾ ಚುಚ್ಚಿದ. ಮುಂದಿನ ಸಲ ಅವನು ಅತ್ತ, ಆದರೆ ಕೈ ತಾನೇ ಚಾಚಿದ. "ನಾ ಮೂರು ಅಂದ ಮ್ಯಾಲೆ" ಅಂದ. ಸಿಸ್ಟರ್ ಅವನು ಮೂರು ಅನ್ನುವವರೆಗೂ ಕಾದರು.

ಇನ್ನೊಂದು ಮಾತು. ಕೀಮೋ, ಅಂದರೆ ಕ್ಯಾನ್ಸರ್ ಕಣ ಸಾಯಿಸುವ ಔಷಧಿಗಳಲ್ಲಿ ಕೆಂಪು ಬಣ್ಣದ್ದು ಒಂದಿದೆ. ಅದು ಮೈಗೆ ಹೋದ ಮೇಲೆ ಒಂದೆರಡು ದಿನ ಉಚ್ಚೆ ಕೆಂಪಗೆ ಬರಬಹುದು. ಮೊದಲೇ ಹೇಳದಿದ್ದರೆ ರಕ್ತ ಹೋಗ್ತಿದೆ ಅಂತ ಮಗು ಹೆದರಿಕೊಂಡು ಉಚ್ಚೆಯನ್ನೇ ತಡೆದುಕೊಳ್ಳುತ್ತದೆ.

ಪ್ರಶ್ನೆ: ನಾಲ್ಕೂವರೆ ವರ್ಷದ ಮೊಮ್ಮಗ. ಸ್ಟೀರಾಯ್ಡ್ ಮಾತ್ರೆ ಶುರುವಾದಾಗಿನಿಂದ ಮುಖ ಊದಿದೆ. ರಾತ್ರಿ ಎರಡು ಗಂಟೆಗೆ ಎದ್ದು ಚಿತ್ರಾನ್ನ ಕೇಳುತ್ತಾನೆ. ಕೊಡದಿದ್ದರೆ ಅಮ್ಮನಿಗೇ ಹೊಡೆಯುತ್ತಾನೆ. ಎಷ್ಟು ಮುದ್ದಿನ ಹುಡುಗ, ಹೀಗ್ಯಾಕಾದ? — ಅಜ್ಜಿ, ತಿಪಟೂರು

ಅಜ್ಜಿ, ಅದು ಮಾತ್ರೆಯ ಆಟ. ಹುಡುಗ ಅದೇ ಹುಡುಗ. ಆ ಹಸಿವು ನಿಜವಾದ ಹಸಿವು, ಹಟ ಅಂತ ಬೈಯಬೇಡಿ. ಮಾತ್ರೆ ನಿಂತ ಮೇಲೆ ಹಸಿವು, ಸಿಟ್ಟು, ಊದಿದ ಮುಖ ಎಲ್ಲ ನಿಧಾನಕ್ಕೆ ಇಳಿಯುತ್ತವೆ. ಆದರೆ ಡಾಕ್ಟರ್ ಹೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬಾರದು. ಹೊಟ್ಟೆಗೆ ಏನಾದರೂ ಹಾಕಿಯೇ ಮಾತ್ರೆ ಕೊಡಿ. ರಾತ್ರಿಗೆ ಅಂತ ಒಂದು ಇಡ್ಲಿಯೋ, ಬಿಸಿ ಮಾಡಿದ ಅನ್ನ ಬೇಳೆಯೋ ಸಿಗುವ ಹಾಗೆ ನೋಡಿಕೊಳ್ಳಿ. ಚಿಪ್ಸು, ಉಪ್ಪಿನಕಾಯಿ, ಕುರುಕಲು ಕಡಿಮೆ ಮಾಡಿ, ಉಪ್ಪು ಜಾಸ್ತಿಯಾದರೆ ಬಿ.ಪಿ. ಏರುತ್ತದೆ. ಸಂಜೆ ಮಾಡಿದ್ದು ಹೊರಗಿಟ್ಟು ರಾತ್ರಿ ಕೊಡುವುದು ಬೇಡ. ರಸ್ತೆ ಬದಿಯ ಹೆಚ್ಚಿದ ಹಣ್ಣು ಬೇಡವೇ ಬೇಡ. ಬಾಳೆಹಣ್ಣು, ಕಿತ್ತಳೆ ಥರ ಸಿಪ್ಪೆ ಸುಲಿಯುವ ಹಣ್ಣು ತೊಳೆದು ಕೊಡಿ.

ಹೊಡೆದರೆ ಮಾತ್ರ ಬಿಡಬೇಡಿ. "ಸಿಟ್ಟು ಬಂದ್ರೆ ದಿಂಬಿಗೆ ಗುದ್ದು, ಅಮ್ಮನಿಗೆ ಹೊಡೆಯಂಗಿಲ್ಲ" ಅಂತ ಮನೆಯಲ್ಲಿ ಹೇಳುತ್ತಿದ್ದ ಹಾಗೇ ಹೇಳಿ. ಪಾಪ ಕಾಯಿಲೆ ಮಗು ಅಂತ ಎಲ್ಲದಕ್ಕೂ ಹೂಂ ಅಂದರೆ ಮಕ್ಕಳಿಗೆ ಇನ್ನಷ್ಟು ಭಯ ಆಗುತ್ತದೆ. ನಿನ್ನೆವರೆಗೆ ಬೈಯುತ್ತಿದ್ದ ಅಜ್ಜಿ ಇವತ್ತು ಬೈಯುತ್ತಿಲ್ಲ ಅಂದರೆ ಏನೋ ದೊಡ್ಡದೇ ಆಗಿದೆ ಅಂತ ತಾನೇ?

ಅವನಿಗೆ ದವಡೆ ನೋವು, ಮಲಬದ್ಧತೆ, ನಡೆಯುವಾಗ ಪಾದ ಎಳೆಯುವುದು ಇದ್ದರೆ ಅದು ವಿನ್‌ಕ್ರಿಸ್ಟಿನ್ ಅನ್ನುವ ಔಷಧಿಯಿಂದ ಇರಬಹುದು. ತಪ್ಪದೆ ಡಾಕ್ಟರಿಗೆ ಹೇಳಿ. ನೋವು ಅಂತ ಹೇಳಲು ಬಾರದ ಮಕ್ಕಳೇ ಎಷ್ಟೋ ಸಲ ಹಟಮಾರಿ ಅನ್ನಿಸಿಕೊಳ್ಳುತ್ತವೆ.

ಪ್ರಶ್ನೆ: ಸಿಸ್ಟರ್, ನಂಗೆ 14 ವರ್ಷ. ಚಿಕ್ಕಮಗಳೂರು. ಕುತ್ತಿಗೆಯಲ್ಲಿ ಗಂಟು ಬಂದಿತ್ತು, ಹಾಡ್ಜ್‌ಕಿನ್ ಲಿಂಫೋಮಾ ಅಂತೆ. ಡಾಕ್ಟರ್ ಹತ್ರ ಮಾತಾಡೋವಾಗ ಅಪ್ಪ ನನ್ನನ್ನ ಹೊರಗೆ ಕಳಿಸ್ತಾರೆ. ಮೊಬೈಲಲ್ಲಿ ನೋಡಿದೆ, ನಿದ್ದೆ ಬರಲಿಲ್ಲ. ನನ್ನ ಜಡೆ ಸೊಂಟದವರೆಗೆ ಇದೆ. ಆಸ್ಪತ್ರೆ ಗೇಟ್ ಕಂಡ್ರೇ ವಾಂತಿ ಬರುತ್ತೆ. ಎಲ್ಲರೂ ಧೈರ್ಯವಾಗಿರು ಅಂತಾರೆ. ನಂಗೆ ಧೈರ್ಯ ಇಲ್ಲ.

ಧೈರ್ಯ ಇಲ್ಲದಿದ್ದರೂ ಪರವಾಗಿಲ್ಲ ಮಗಳೇ. ಕೀಮೋ ನಿನ್ನ ಧೈರ್ಯ ನೋಡಿ ಕೆಲಸ ಮಾಡುವುದಿಲ್ಲ. ಅತ್ತರೂ ಅಷ್ಟೇ ಕೆಲಸ ಮಾಡುತ್ತದೆ.

ಮೊಬೈಲಿನಲ್ಲಿ ಎಲ್ಲ ವಯಸ್ಸಿನವರ, ಎಲ್ಲ ಸ್ಟೇಜಿನವರ ಕಥೆ ಒಟ್ಟಿಗೆ ಬಿದ್ದಿರುತ್ತದೆ. ಅದರಲ್ಲಿ ನಿನ್ನದು ಯಾವುದು ಅಂತ ನಿನಗೆ ಹೇಗೆ ತಿಳಿಯಬೇಕು? ನಿನ್ನ ಕಾಯಿಲೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರುಗಳಲ್ಲಿ ಒಂದು. ನಿನ್ನ ವಯಸ್ಸಿನವರಲ್ಲಿ ಬಹುಪಾಲು ಜನ ವಾಸಿಯಾಗುತ್ತಾರೆ. ಒಂದು ಹಾಳೆಯಲ್ಲಿ ನಿನ್ನ ಪ್ರಶ್ನೆ ಬರೆದುಕೋ. ಎಷ್ಟು ಸೈಕಲ್, ಅಂದರೆ ಎಷ್ಟು ಸುತ್ತು ಕೀಮೋ? ಶಾಲೆಗೆ ಯಾವಾಗ ಹೋಗಬಹುದು? ಯಾವುದಕ್ಕೆ ತಕ್ಷಣ ಬರಬೇಕು? ಅಪ್ಪನಿಗೆ "ನಾನೂ ಒಳಗೆ ಕೂತ್ಕೋತೀನಿ" ಅಂತ ಹೇಳು. ಈ ಪುಟವನ್ನೇ ತೋರಿಸು. ಅಪ್ಪ ನಿನ್ನನ್ನು ಹೊರಗೆ ಕಳಿಸುವುದು ನಿನಗೆ ನೋವಾಗಬಾರದು ಅಂತ. ಹೊರಗೆ ಕೂತರೆ ನೋವು ಜಾಸ್ತಿ ಅನ್ನುವುದು ಅವರಿಗೆ ಗೊತ್ತಿಲ್ಲ. ನೀನು ಹೇಳಿದರೆ ತಾನೇ ಗೊತ್ತಾಗುವುದು!

ಕೂದಲು ಸಾಮಾನ್ಯವಾಗಿ ಕೀಮೋ ಶುರುವಾದ ಎರಡು ಮೂರು ವಾರಕ್ಕೆ ಉದುರಲು ಶುರು. ಬೆಳಗ್ಗೆ ದಿಂಬಿನ ಮೇಲೆ ಮುಷ್ಟಿ ತುಂಬ ಕಾಣುತ್ತದೆ. ಅದು ತುಂಬಾ ಸಂಕಟದ ದಿನ, ನಾನು ಸುಳ್ಳು ಹೇಳುವುದಿಲ್ಲ. ಎಷ್ಟೋ ಹುಡುಗಿಯರು ಮೊದಲೇ ಕತ್ತರಿಸಿಕೊಂಡು, ಆ ಜಡೆಯನ್ನು ಹೆಣೆದ ಹಾಗೇ ಕಟ್ಟಿ ತೆಗೆದಿಟ್ಟುಕೊಂಡಿದ್ದಾರೆ. ಯಾವಾಗ, ಯಾರ ಕೈಲಿ ಅಂತ ನೀನೇ ನಿರ್ಧಾರ ಮಾಡು. ಕೀಮೋ ಮುಗಿದ ಕೆಲವು ತಿಂಗಳಲ್ಲಿ ಕೂದಲು ಮತ್ತೆ ಬರುತ್ತದೆ. ಮೊದಲ ಸಲ ಗುಂಗುರಾಗಿ ಬಂದರೂ ಬರಬಹುದು.

ಗೇಟ್ ಕಂಡರೆ ವಾಂತಿ ಬರುವುದು ನಿನ್ನ ಕಲ್ಪನೆ ಅಲ್ಲ. ಆ ವಾಸನೆಗೂ ಕೀಮೋಗೂ ನಿನ್ನ ದೇಹ ಗಂಟು ಹಾಕಿಕೊಂಡಿದೆ. ಅದಕ್ಕೂ ಮಾತ್ರೆ ಇದೆ, ಮನೆಯಿಂದ ಹೊರಡುವ ಮೊದಲೇ ತಗೊಳ್ಳುವುದು. ಡಾಕ್ಟರಿಗೆ ಹೇಳು. ಮುಟ್ಟಿನ ವಿಷಯವನ್ನೂ ಮುಚ್ಚಿಡಬೇಡ. ರಕ್ತಕಣಗಳ ಕೌಂಟ್ ಇಳಿದಾಗ ರಕ್ತಸ್ರಾವ ಜಾಸ್ತಿಯಾಗಬಹುದು, ಸಿಸ್ಟರ್ ಕಿವಿಯಲ್ಲಿ ಹೇಳಿದರೂ ಸಾಕು.

ಪ್ರಶ್ನೆ: ಹುಬ್ಬಳ್ಳಿಯಿಂದ ಮಗಳನ್ನು ಬೆಂಗಳೂರಿಗೆ ಪದೇ ಪದೇ ಕರೆದುಕೊಂಡು ಹೋಗಬೇಕು. ಖರ್ಚು ತಡೆಯಲಾಗುತ್ತಿಲ್ಲ. ನಡುವೆ ನಿಲ್ಲಿಸಿ ದುಡ್ಡು ಹೊಂದಿಸಿಕೊಂಡು ಮತ್ತೆ ಶುರು ಮಾಡಬಹುದಾ?

ದಯವಿಟ್ಟು ನಿಲ್ಲಿಸಬೇಡಿ. ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಕಣ ಮತ್ತೆ ಬೆಳೆಯುತ್ತವೆ, ಆಮೇಲಿನ ಚಿಕಿತ್ಸೆ ಇನ್ನೂ ಕಷ್ಟ, ಇನ್ನೂ ದುಬಾರಿ. ನಾಳೆಯೇ ಆಸ್ಪತ್ರೆಯ ಸೋಷಿಯಲ್ ವರ್ಕರ್ ಹತ್ತಿರ ಹೋಗಿ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅನುಕೂಲ ಇದೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ಥರ್ಡ್ ಎ.ಸಿ. ಟಿಕೆಟ್ಟಿಗೆ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ 75 ಪರ್ಸೆಂಟ್. ಅದಕ್ಕೆ ಆಸ್ಪತ್ರೆಯಿಂದ ಫಾರ್ಮಿಗೆ ಸಹಿ, ಸೀಲು ಹಾಕಿಸಿಕೊಳ್ಳಿ. ಕಡಿಮೆ ಖರ್ಚಿನಲ್ಲಿ ಉಳಿಯಲು ಧರ್ಮಶಾಲೆ ವ್ಯವಸ್ಥೆ ಇದೆಯಾ ಅಂತ ಅವರನ್ನೇ ವಿಚಾರಿಸಿ.

ಪ್ರಶ್ನೆ: ತಂಗಿಯ ಸಣ್ಣ ಮಗ ಆಸ್ಪತ್ರೆಯಲ್ಲಿದ್ದಾನೆ. ಒಂಬತ್ತು ವರ್ಷದ ಅಕ್ಕ ನಮ್ಮ ಮನೆಯಲ್ಲಿದ್ದಾಳೆ. ಓದುವುದಿಲ್ಲ, ಹಾಸಿಗೆ ಒದ್ದೆ ಮಾಡುತ್ತಾಳೆ. ತಮ್ಮನ ಮೇಲೆ ಪ್ರೀತಿಯೇ ಇಲ್ಲವೇನೋ, ಅವನ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ. — ದೊಡ್ಡಮ್ಮ, ಮಂಡ್ಯ

ಪ್ರೀತಿ ಇರುವುದಕ್ಕೇ ಎದ್ದು ಹೋಗುತ್ತಾಳೆ. ಅಮ್ಮ ಇಲ್ಲ, ಅಪ್ಪ ಇಲ್ಲ, ಬಂದವರೆಲ್ಲ ತಮ್ಮನನ್ನೇ ವಿಚಾರಿಸುತ್ತಾರೆ. ಜಗಳದಲ್ಲಿ "ನೀನು ಸಾಯಿ" ಅಂತ ಅಂದಿದ್ದೆ, ಅದಕ್ಕೇ ಹೀಗಾಯ್ತು ಅಂತ ಒಳಗೊಳಗೇ ಬೇಯುವ ಅಕ್ಕ, ಅಣ್ಣಂದಿರು ಬೇಕಾದಷ್ಟು. ಅವಳಿಗೂ ನಿಜ ಹೇಳಿ. ಯಾರ ಮಾತಿನಿಂದಲೂ ಕ್ಯಾನ್ಸರ್ ಬರಲ್ಲ, ಅದು ಅಂಟಲ್ಲ, ನಿಂಗೆ ಬರುತ್ತೆ ಅಂತಲೂ ಅಲ್ಲ. ದಿನಕ್ಕೊಂದು ಹೊತ್ತು ಅಮ್ಮ ವಿಡಿಯೋ ಕಾಲ್ ಮಾಡಿ ಅವಳ ವಿಷಯ ಮಾತ್ರ ಮಾತಾಡಲಿ. ಹಾಸಿಗೆ ಒದ್ದೆಯಾದರೆ ಬೈಯದೆ, ಯಾರ ಮುಂದೆಯೂ ಹೇಳದೆ ಬದಲಾಯಿಸಿಬಿಡಿ. ಡಾಕ್ಟರ್ ಒಪ್ಪಿದರೆ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ. ಕಣ್ಣಾರೆ ಕಂಡ ಮೇಲೆ ಮಕ್ಕಳ ಹೆದರಿಕೆ ಎಷ್ಟೋ ಇಳಿಯುತ್ತದೆ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಕಾಯಿಲೆ ವಾಪಸ್ ಬಂದಿದೆ. ಮೊನ್ನೆ "ಅಪ್ಪಾ, ನಾನು ಸತ್ತು ಹೋಗ್ತೀನಾ?" ಅಂತ ಕೇಳಿದಳು. ಹುಚ್ಚು ಮಾತಾಡಬೇಡ ಅಂತ ಬೈದು ಹೊರಗೆ ಬಂದುಬಿಟ್ಟೆ.

ನಿಮ್ಮ ಜಾಗದಲ್ಲಿ ಯಾರಿದ್ದರೂ ಎದ್ದು ಹೊರಗೆ ಬರುತ್ತಿದ್ದರು. ಈಗ ವಾಪಸ್ ಹೋಗಿ ಪಕ್ಕದಲ್ಲಿ ಕೂತು, ಆ ಮಾತನ್ನು ನೀವೇ ಎತ್ತಿ. "ಮೊನ್ನೆ ನೀನು ಕೇಳಿದ್ಯಲ್ಲ ಪುಟ್ಟಾ, ಯಾಕೆ ಹಾಗನ್ನಿಸ್ತು?" ಕೇಳಿ ಸುಮ್ಮನಿರಿ. ಪಕ್ಕದ ಬೆಡ್ಡಿನ ಗೆಳತಿ ಒಂದು ದಿನ ಕಾಣದೆ ಹೋಗಿರಬಹುದು, ಊರಿಗೆ ಹೋದಳು ಅಂತ ದೊಡ್ಡವರು ಹೇಳಿರಬಹುದು. ಮಕ್ಕಳು ಅದನ್ನು ನಂಬುವುದಿಲ್ಲ. ಅಥವಾ ಅವಳ ಭಯ ನೀವು ಊಹಿಸಿದ್ದಕ್ಕಿಂತ ಬೇರೆಯೇ ಇರಬಹುದು. ನೋವಾಗುತ್ತಾ, ಅಮ್ಮ ಎಲ್ಲಿರ್ತಾಳೆ, ನಾನೊಬ್ಬಳೇ ಇರ್ಬೇಕಾ. ಮಕ್ಕಳು ಕೇಳುವುದು ಹೆಚ್ಚಾಗಿ ಇವನ್ನೇ.

ಏನೂ ಆಗಲ್ಲ ಅಂತ ಆಣೆ ಮಾಡಬೇಡಿ. ನಿಜ ಇರುವಷ್ಟನ್ನು ಹೇಳಿ. "ಕಾಯಿಲೆ ವಾಪಸ್ ಬಂದಿದೆ. ಡಾಕ್ಟರು ಬೇರೆ ಔಷಧಿ ಕೊಡ್ತಿದ್ದಾರೆ. ಏನೇ ಆದ್ರೂ ನಿನ್ನ ಒಬ್ಬಳನ್ನೇ ಬಿಡಲ್ಲ. ನೋವು ಆಗದ ಹಾಗೆ ನೋಡ್ಕೋತೀವಿ." ನೀವು ಅತ್ತರೆ ಅಳಿ. ಅಪ್ಪನಿಗೂ ದುಃಖ ಆಗುತ್ತೆ, ಆದರೂ ಅಪ್ಪ ಎದ್ದು ಹೋಗಲಿಲ್ಲ ಅನ್ನುವುದನ್ನು ಅವಳು ನೋಡಲಿ.

ಪ್ಯಾಲಿಯೇಟಿವ್ ಕೇರ್ ತಂಡವನ್ನು ಈಗಲೇ ಕಾಣಿ. ಹೆಸರು ಕೇಳಿ ಬೆಚ್ಚಬೇಡಿ, ಅವರು ಕೊನೆಯ ದಿನಗಳಿಗೆ ಮಾತ್ರ ಇರುವವರಲ್ಲ. ಚಿಕಿತ್ಸೆ ನಡೆಯುತ್ತಿರುವಾಗಲೇ ನೋವು, ವಾಂತಿ, ನಿದ್ದೆ, ಭಯ ಎಲ್ಲ ನೋಡಿಕೊಳ್ಳುತ್ತಾರೆ. ಮಾರ್ಫಿನ್ ಬರೆದರೆ ಚಟ ಹಿಡಿಯುತ್ತದೆ ಅಂತ ಹೆದರಿ ಮಗುವನ್ನು ನೋವಿನಲ್ಲಿ ಇಡಬೇಡಿ. ನೋವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಮಕ್ಕಳು ಎದ್ದು ಕೂತು ಆಡುತ್ತಾರೆ. ಅದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಶಿರಸಿಯ ಸರ್ಕಾರಿ ಶಾಲೆಯ ಮೇಷ್ಟ್ರು ನಾನು. ನಾಲ್ಕನೇ ಕ್ಲಾಸಿನ ಹುಡುಗಿ ಚಿಕಿತ್ಸೆಯ ನಡುವೆ ವಾಪಸ್ ಬರುತ್ತಿದ್ದಾಳೆ. ಕೆಲವು ಪೋಷಕರು ಅಂಟುತ್ತದೆಯಾ ಅಂತ ಕೇಳುತ್ತಿದ್ದಾರೆ. ಏನೇನು ನೋಡಿಕೊಳ್ಳಬೇಕು?

ಮೇಷ್ಟ್ರೇ, ಕ್ಯಾನ್ಸರ್ ಅಂಟುವುದಿಲ್ಲ. ಒಂದೇ ಬೆಂಚು, ಒಂದೇ ಆಟ, ಒಂದೇ ಬಿಸಿಯೂಟದ ಸಾಲು, ಏನೂ ತೊಂದರೆ ಇಲ್ಲ. ಉಳಿದ ಮಕ್ಕಳ ಸೋಂಕು ಅವಳಿಗೆ ಅಂಟಬಾರದು, ಅಷ್ಟೇ. ಅವಳು ಬರುವ ಹಿಂದಿನ ದಿನ ಕ್ಲಾಸಿಗೆ ಹೇಳಿಬಿಡಿ. ಯಾಕೆ ಕೂದಲಿಲ್ಲ, ಟೋಪಿ ಯಾಕೆ ಎಳೆಯಬಾರದು, ಮಾಸ್ಕ್ ಯಾಕೆ. ಏನು ಹೇಳಬೇಕು ಅಂತ ಮೊದಲು ಅವಳನ್ನೇ ಕೇಳಿ, ಹೇಳುವಾಗ ತಾನು ಇರಬೇಕಾ ಬೇಡವಾ ಅಂತಲೂ ಕೇಳಿ. ಮೊದಮೊದಲು ಅರ್ಧ ದಿನ ಬರಲಿ. ಹೋಮ್‌ವರ್ಕ್ ಕೊಡಿ, ತಪ್ಪಾದರೆ ತಿದ್ದಿ. ಎಲ್ಲದಕ್ಕೂ ಗುಡ್ ಹಾಕಬೇಡಿ, ಅವಳಿಗೆ ಗೊತ್ತಾಗುತ್ತದೆ.

ಮೈ ಬಿಸಿ ಅನ್ನಿಸಿದರೆ ಥರ್ಮಾಮೀಟರ್ ಹಾಕಿ. 100.4 ಡಿಗ್ರಿ ಮುಟ್ಟಿದರೆ ಸಂಜೆವರೆಗೆ ಕಾಯದೆ ಮನೆಯವರನ್ನು ಕರೆಸಿ. ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸಬೇಡಿ. ಬಿಳಿ ರಕ್ತಕಣ ಇಳಿದಿರುವಾಗ ಜ್ವರ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು, ನಡುರಾತ್ರಿಯಾದರೂ ಅವರು ಆಸ್ಪತ್ರೆಗೆ ಹೋಗಬೇಕು. ಪಕ್ಕದ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸುವುದೂ ಬೇಡ. ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ ಕಣ ಕಡಿಮೆ ಇದ್ದರೆ ರಕ್ತ ಒಳಗೇ ಕಟ್ಟಿಕೊಳ್ಳುತ್ತದೆ.

ಶಾಲೆಯಲ್ಲಿ ಯಾರಿಗಾದರೂ ಚಿಕನ್ ಪಾಕ್ಸ್ ಅಥವಾ ದಡಾರ ಬಂದರೆ, ಊರಲ್ಲಿ ಅಮ್ಮ ಅಂತಾರಲ್ಲ ಅದು, ಅವತ್ತೇ ಈ ಹುಡುಗಿಯ ಮನೆಗೆ ಫೋನ್ ಮಾಡಿ. ಸೋಂಕು ತಗುಲಿದ ಮೊದಲ ಕೆಲವು ದಿನದೊಳಗೆ ಆಸ್ಪತ್ರೆಗೆ ಹೋದರೆ ಅದಕ್ಕೆ ಔಷಧಿ ಕೊಡಬಹುದು. ಆ ಫೋನ್ ನಂಬರನ್ನು ನಿಮ್ಮ ಮೊಬೈಲಿನಲ್ಲಷ್ಟೇ ಇಟ್ಟುಕೊಳ್ಳದೆ ಹಾಜರಿ ಪುಸ್ತಕದ ಒಳರಟ್ಟಿನ ಮೇಲೂ ಬರೆದಿಡಿ. ನೀವು ರಜೆ ಹಾಕಿದ ದಿನ ಬೇರೆ ಮೇಷ್ಟ್ರಿಗೆ ಸಿಗಬೇಕಲ್ವಾ.